ಎಡಗಡೆಯಿಂದ ಮೂರನೇ ಮುಖ

ನಮ್ಮಕ್ಕ ಇತಿಹಾಸದ ಪ್ರೊಫೆಸರ್. ತರಕಾರಿ ಹೆಚ್ಚುವಾಗಲೂ ಪಾಠ ಬಿಡುತ್ತಿರಲಿಲ್ಲ. ನಮ್ಮ ತಲೆ ತಿಂದು ತಿಂದೇ ಅಷ್ಟು ಪುಸ್ತಕ ಬರೆದಳು ಎಂದು ನಾನು ರೇಗಿಸುತ್ತಿದ್ದೆ. ಅವಳ ಅರ್ಧ ಆಯಸ್ಸು ಒಂದೇ ಗೋಡೆಯ ವಿರುದ್ಧದ ಹೋರಾಟಕ್ಕೆ ಸವೆದಿತ್ತು. ಮ್ಯೂಸಿಯಮ್ಮಿನ ಮಹಡಿಯ ಆ ಗೋಡೆಯ ಮೇಲೆ ಕಣ್ಣು ಮುಚ್ಚಿದ ಪ್ಲಾಸ್ಟರ್ ಮುಖಗಳಿದ್ದವು. ಹಿಂದೆ ಯಾರೋ ದೊಡ್ಡ ಮನುಷ್ಯರು, ಯಾವ ಜನಾಂಗದ ಮೂಗು ಎಷ್ಟು ಅಗಲ ಎಂದು ಅಳೆಯಲು, ನಮ್ಮ ಜನರನ್ನು ಮಲಗಿಸಿ ಮುಖದ ಅಚ್ಚು ತೆಗೆದಿದ್ದರು. ಹೆಸರು ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

"ಅದನ್ನ ನೋಡೋಕೆ ಹೋಗೋರಿಗೆ ನಾಚಿಕೆ ಆಗ್ಬೇಕು," ಎಂದು ಅಕ್ಕ ಊಟದ ಹೊತ್ತಿಗೆ ಗುಡುಗುವಳು. ಜೊತೆಗೇ ಇದ್ದ ದೊಡ್ಡಮ್ಮ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಕೊನೆಗೆ ಅಕ್ಕನೇ ಗೆದ್ದಳು. ಮುಖಗಳನ್ನು ಇಳಿಸಿ, ಪುಡಿ ಮಾಡಿ, ಗೌರವದಿಂದ ಮಣ್ಣು ಮಾಡಿದರು. ದೊಡ್ಡಮ್ಮ ಆಗ ಮೊಣಕಾಲಿನ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿದ್ದಳು.

ಅವಳು ಓಡಾಡುವಂತಾದ ಮೇಲೆ ಅಕ್ಕ ನಮ್ಮಿಬ್ಬರನ್ನೂ ಮ್ಯೂಸಿಯಮ್ಮಿಗೆ ಕರೆದೊಯ್ದಳು. ದೊಡ್ಡಮ್ಮ ದಾರಿ ಕೇಳಲಿಲ್ಲ. ಮಹಡಿ ಹತ್ತಿ, ಬಲಕ್ಕೆ ತಿರುಗಿ, ನೆಟ್ಟಗೆ ಹೋಗಿ ಒಂದು ಮೊಳೆ ತೂತಿನ ಮುಂದೆ ನಿಂತಳು.

"ಅಮ್ಮನ್ನ ಒಳಗೆ ಎಲ್ಲಿ ಇಟ್ಟಿದ್ದೀರಾ?"

"ಯಾರನ್ನ, ದೊಡ್ಡಮ್ಮ?"

"ನಿಮ್ಮಜ್ಜೀನ ಕಣೇ. ಎಡಗಡೆಯಿಂದ ಮೂರನೇದು. ಪ್ಲಾಸ್ಟರ್ ಹಾಕೋವಾಗ ಕೈ ಹಿಡ್ಕೊಂಡು ಕೂತಿದ್ದೋಳೇ ನಾನು. ಒಂದು ಫೋಟೋನೂ ಇಲ್ವಲ್ಲ, ನೆನಪಾದಾಗೆಲ್ಲ ಬಂದು ನೋಡ್ಕೊಂಡು ಹೋಗ್ತಿದ್ದೆ."

ಅಕ್ಕ ಆ ತೂತಿನ ಮೇಲೆ ಬೆರಳಿಟ್ಟಳು. ಆಮೇಲೆ, "ಯಾವುದೂ ಉಳಿದಿಲ್ಲ ದೊಡ್ಡಮ್ಮ," ಎಂದಳು. "ನಂಗೆ ಒಂದು ಮಾತು ಹೇಳಬಾರ್ದಿತ್ತಾ?"

"ನಾಚಿಕೆ ಆಗ್ಬೇಕು ಅಂತಿದ್ಯಲ್ಲ. ಆಗಿತ್ತು."

ಗೋಡೆಯ ಹೊಸ ಬೋರ್ಡು ಅಕ್ಕನೇ ಬರೆದದ್ದು. ದೊಡ್ಡಮ್ಮ ಕನ್ನಡಕ ತಂದಿರಲಿಲ್ಲ, ಓದು ಎಂದಳು. ಅಕ್ಕ ಓದಿದಳು: "ಇಲ್ಲಿದ್ದ ಮುಖಗಳು ಯಾರವೆಂದು ಬಲ್ಲವರು ಈಗ ಯಾರೂ ಇಲ್ಲ." ಊರೂರು ಅಲೆದು ಯಾರ್ಯಾರದೋ ನೆನಪುಗಳನ್ನು ರೆಕಾರ್ಡ್ ಮಾಡಿಕೊಂಡವಳು, ದಿನಾ ಎದುರಿಗೆ ಕೂತು ಉಣ್ಣುತ್ತಿದ್ದವಳನ್ನು ಕೇಳಿರಲಿಲ್ಲ. ನನಗೆ ಸಿಟ್ಟು ಬಂತು. ಅವಳ ಮುಖ ನೋಡಿ ಅಯ್ಯೋ ಅನ್ನಿಸಿತು.

"ತಪ್ಪಾಯ್ತು ದೊಡ್ಡಮ್ಮ," ಎಂದಳು ಅಕ್ಕ.

ದೊಡ್ಡಮ್ಮ ಬೈಯಲಿಲ್ಲ. ಅಕ್ಕನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ನಿಂಗೂ ಅದೇ ಮೂಗು. ಸ್ವಲ್ಪ ಕಣ್ಣು ಮುಚ್ಕೋ. ಅಳ್ಬೇಡ, ಅಮ್ಮ ಅಲ್ಲಾಡದೆ ಮಲಗಿದ್ಲು."

ಮುಖ ಅಳೆಯುವವರ ಮೇಲೆ ಜೀವಮಾನವಿಡೀ ಹರಿಹಾಯ್ದ ನಮ್ಮಕ್ಕ, ಖಾಲಿ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತಳು. ದೊಡ್ಡಮ್ಮನಿಗೆ ಸಾಕಾಗುವವರೆಗೂ ಹಾಗೇ ನಿಂತಿದ್ದಳು.