ತೆರೆದವರೇ ಮಡಚಬೇಕು

ಏಡಿ ಹಿಡಿಯುವ ದೋಣಿಯ ಹಗ್ಗ ಸೇದುವ ಚಕ್ರ ಐವರ್ ಲುಂಡೀನನ ಎಡಗೈಯನ್ನು ಮೊಣಕೈವರೆಗೆ ಎಳೆದುಕೊಂಡು ತಿಂದುಹಾಕಿತು. ಹನ್ನೊಂದನೆಯ ದಿನ, ಅವನಿನ್ನೂ ಆಸ್ಪತ್ರೆಯ ಹಾಸಿಗೆಯ ಮೇಲಿರುವಾಗಲೇ, ದೋಣಿಯ ಮಾಲೀಕನೂ ಕ್ಯಾಪ್ಟನ್ನೂ ಆದ ಗಾರ್ತ್ ಹೋಲ್ಕಮ್ ಡೆಕ್ಕಿನ ಮೇಸ್ತ್ರಿಯ ಜಾಗವನ್ನು ಡೆಲ್ ಪ್ರೂಯಿಟ್‌ಗೆ ಕೊಟ್ಟ.

ಅದು ಜನವರಿಯ ಮಾತು. ಈಗ ಏಪ್ರಿಲ್. ಬಂದರಿನ ಮೇಲಣ ರಸ್ತೆಯಲ್ಲಿ, ಮೇವಿಸಳ ಚಾಕುವಿನ ಅಂಗಡಿಯಲ್ಲಿ, ಐವರ್ ಗಾಜಿನ ಕಟ್ಟೆಗೆ ಹೊಟ್ಟೆ ಆನಿಸಿಕೊಂಡು ನಿಂತಿದ್ದ. ಕಣ್ಣು ಮಾತ್ರ ಕಿಟಕಿಯಾಚೆ ಇತ್ತು. ಕೆಳಗೆ ಕಟ್ಟಿದ್ದ ದೋಣಿಯ ಮೇಲೆ ಡೆಲ್ ಏಡಿ ಬೋನುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಬಗ್ಗುವುದು, ಎರಡೂ ಕೈಯಲ್ಲಿ ಕಬ್ಬಿಣದ ಬಳೆ ಹಿಡಿಯುವುದು, ಮಂಡಿಯಿಂದ ಒಂದು ಒದೆ ಕೊಟ್ಟು ಮೇಲೆತ್ತುವುದು. ಆ ಮಂಡಿಯ ಒದೆಯನ್ನು ಅವನಿಗೆ ಕಲಿಸಿದವನು ಐವರ್. ಈಗ ಹುಟ್ಟಿನಿಂದಲೇ ಬಂದ ವಿದ್ಯೆ ಎಂಬಂತೆ ಎತ್ತುತ್ತಿದ್ದಾನೆ ಬೋಳೀಮಗ.

"ಚಾಕು ಇಲ್ಲಿವೆ ಕಣೋ, ಅಲ್ಲಲ್ಲ," ಅಂದಳು ಮೇವಿಸ್.

ಮೂವತ್ತು ವರ್ಷದಿಂದ ಬಂದರಿನ ಗಂಡಸರಿಗೆಲ್ಲ ಚಾಕು ಮಾರಿಕೊಂಡು ಬಂದ ಮುದುಕಿ ಅವಳು. ಯಾರ ಸೊಂಟದಲ್ಲಿ ಯಾವ ಉಕ್ಕು ಇದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಕಟ್ಟೆಯ ಮೇಲೆ ಹಸಿರು ಬಟ್ಟೆ ಹಾಸಿ ಐದು ಗುಂಡಿ ಚಾಕುಗಳನ್ನು ಸಾಲಾಗಿ ಇಟ್ಟಿದ್ದಳು. ಗುಂಡಿ ಒತ್ತಿದರೆ ಸಾಕು, ಅಲಗು ತಾನೇ ಹೊರಗೆ ಹಾರುವಂಥವು. ಬೆಳಿಗ್ಗೆ ಗಾರ್ತ್ ಫೋನು ಮಾಡಿ ಹೇಳಿದ್ದ: "ಮೇವಿಸ್ ಹತ್ರ ಹೋಗು. ಅವಳ ಹತ್ರ ಇರೋದ್ರಲ್ಲೇ ಒಳ್ಳೇದು ಯಾವುದೋ ಅದನ್ನ ಆರಿಸ್ಕೋ. ನನ್ನ ಕಡೆಯಿಂದ. ಮೂರು ಗಂಟೆಗೆ ನಾನೂ ಬರ್ತೀನಿ, ಒಂದು ಕಾಗದದ ಕೆಲಸ ಇದೆ."

ಐವರನಿಗೆ ಗುಂಡಿ ಚಾಕು ಬೇಕೆನಿಸಿದ್ದು ನಿನ್ನೆ. ಕೆಲಸವಿಲ್ಲದಿದ್ದರೂ ದಿನಾ ಬಂದರಿಗೆ ಹೋಗುವುದನ್ನು ಅವನು ಬಿಟ್ಟಿರಲಿಲ್ಲ. ಯಾರೋ ಎರೆಮೀನಿನ ಚೀಲದ ಬಾಯಿ ಬಿಚ್ಚು ಎಂದರು. ಅಭ್ಯಾಸಬಲ, ಜೇಬಿಗೆ ಕೈ ಹೋಯಿತು. ತಾತನ ಮಡಚುಚಾಕು, ಹಳೆಯ ಕರಿ ಉಕ್ಕು, ಉಪ್ಪುಗಾಳಿಗೆ ಕೀಲು ಬಿಗಿದುಕೊಂಡಿತ್ತು. ಹಲ್ಲಲ್ಲಿ ಕಚ್ಚಿ ಎಳೆದ, ಬರಲಿಲ್ಲ. ತೊಡೆ ಸಂದಿಯಲ್ಲಿಟ್ಟು ಎಳೆದ, ಬರಲಿಲ್ಲ. ಡೆಲ್ ದೋಣಿಯಿಂದ ಜಿಗಿದು ಬಂದು, ಚಾಕು ತೆಗೆದುಕೊಂಡು ಬಿಚ್ಚಿಕೊಟ್ಟ. ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಬಹುದಿತ್ತು. ಆದರೆ ಆ ಕಡಲ ಜನರಲ್ಲಿ ಒಂದು ಕಟ್ಟಳೆಯಿದೆ: ಚಾಕುವನ್ನು ತೆರೆದವರೇ ಮಡಚಬೇಕು. ಒಬ್ಬ ತೆರೆದದ್ದನ್ನು ಇನ್ನೊಬ್ಬ ಮಡಚಿದರೆ ದೋಣಿಗೆ ಕೇಡು. ತಾತ ಹೇಳಿದ್ದು, ತಾತನಿಗೆ ಅವನ ತಾತ ಹೇಳಿದ್ದು. ಚೀಲದ ಹಗ್ಗ ಕೊಯ್ದ ಮೇಲೆ ಐವರ್ ತೆರೆದ ಚಾಕು ಹಿಡಿದುಕೊಂಡು, ಇಡೀ ಬಂದರುಕಟ್ಟೆಯ ಉದ್ದಕ್ಕೆ ನಡೆದು, ಮಡಚಿಕೊಡು ಎಂದು ಡೆಲ್‌ನ ಮುಂದೆಯೇ ಹೋಗಿ ನಿಲ್ಲಬೇಕಾಯಿತು.

"ತೆಗೆದುಕೊಡೋದು, ಮುಚ್ಚಿಕೊಡೋದು," ಡೆಲ್ ನಗಿಸಲು ನೋಡಿದ್ದ, "ಇನ್ನು ನಿನಗೆ ಉಣ್ಣಿಸಿ ಮಲಗಿಸೋದೊಂದು ಬಾಕಿ ನೋಡಪ್ಪ."

ಬಂದರುಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಐವರನೂ ನಕ್ಕ. ಆ ನಗು ರಾತ್ರಿಯೊಳಗೆ ಗಾರ್ತ್‌ನ ಕಿವಿಗೂ ಮುಟ್ಟಿರಬೇಕು.

"ಇದು ನೋಡು," ಎಂದು ಮೇವಿಸ್ ಮೊದಲನೆಯದರ ಗುಂಡಿ ಒತ್ತಿದಳು. ಟಕ್. "ಅಲಗು ಮೂರಂಗುಲಕ್ಕೆ ಒಂದು ನೂಲು ಕಮ್ಮಿ. ಹಳೇ ಕಾನೂನು ಗೊತ್ತಲ್ಲ? ಗುಂಡಿ ಚಾಕು ರಾಜ್ಯದಿಂದ ರಾಜ್ಯಕ್ಕೆ ದಾಟಿಸೋ ಹಾಗಿಲ್ಲ. ಒಂಟಿಗೈಯವನಿಗೆ ಮಾತ್ರ ಮೂರಂಗುಲದವರೆಗೆ ಮಾಫಿ."

"ಓಹೋ. ಈ ಭಾಗ್ಯ ಕೇಳಿದ್ರೆ ಡೆಲ್ ಹೊಟ್ಟೆ ಉರ್ಕೊಂಡು ಸಾಯ್ತಾನೆ."

ಮೇವಿಸ್ ನಗಲಿಲ್ಲ. ತಾನು ತೆರೆದದ್ದನ್ನು ತಾನೇ ಮಡಚಿಟ್ಟಳು. "ಹೊರಗೆ ಕಾಣೋ ಹಾಗೆ ಬೆಲ್ಟಿಗೆ ಸಿಕ್ಕಿಸ್ಕೋ. ನಮ್ಮಲ್ಲಿ ಮರೆಮಾಡಿ ಇಟ್ಕೊಂಡ್ರೆ ತಪ್ಪು."

ಮರೆಮಾಡುವ ಮಾತೆಲ್ಲಿ? ಎಲ್ಲರೂ ನೋಡಲೆಂದೇ ತಾನೇ ಬೇಕಿರುವುದು. ಡೆಲ್‌ನ ರಬ್ಬರು ಅಂಗಿಯ ಎದೆಪಟ್ಟಿಯ ಮೇಲೆ ಅವನ ಚಾಕುವಿನ ಒರೆ ನೇತಾಡುವುದನ್ನು ಐವರ್ ಮೂರು ತಿಂಗಳಿಂದ ನೋಡುತ್ತ ಬಂದಿದ್ದಾನೆ. ಮೆಡಲು ಸಿಕ್ಕಿಸಿಕೊಂಡ ಸಿಪಾಯಿಯ ಹಾಗೆ. ಆ ದಿನ ಹಗ್ಗ ಕೊಯ್ದು ಐವರನನ್ನು ಉಳಿಸಿದ್ದು ಆ ಚಾಕು ಎಂದು ಊರೆಲ್ಲ ಹಾಡಿತು. ಮನೆಯಲ್ಲೂ ಅದೇ ಹಾಡು. ಹೆಂಡತಿ ಲೋರೀನ್, ಸೌದೆ ಒಡೆದುಕೊಟ್ಟು ಹೋದವನನ್ನು ಕಿಟಕಿಯಿಂದ ನೋಡುತ್ತ, "ಪಾಪ, ಡೆಲ್," ಅಂದಿದ್ದಳು. ಪಾಪ ಅನ್ನಿಸಿಕೊಳ್ಳುವುದೊಂದಾದರೂ ತನ್ನ ಪಾಲಿಗೆ ಉಳಿದಿದೆ ಎಂದುಕೊಂಡಿದ್ದ ಐವರ್. ಅದನ್ನೂ ಡೆಲ್ ಬಾಚಿಕೊಂಡ.

"ಡೆಲ್ ಹತ್ರ ಇರೋದು ಯಾವ ಉಕ್ಕು?" ಕೇಳಿದ.

"ನಿನಗೆ ಏನು ಬೇಕು ಅಂತ ಕೇಳ್ತಿದೀಯೋ, ಡೆಲ್ ಹತ್ರ ಏನಿದೆ ಅಂತ ಕೇಳ್ತಿದೀಯೋ?"

"ಹೇಳಮ್ಮ ಸುಮ್ನೆ."

"ಉಪ್ಪಿಗೆ ಜಗ್ಗದ ಉಕ್ಕು. ವರ್ಷ ಪೂರ್ತಿ ಸಮುದ್ರದಲ್ಲಿ ನೆನೆಹಾಕಿದ್ರೂ ತುಕ್ಕು ಹತ್ತಲ್ಲ. ಆದ್ರೆ ಮೆತ್ತಗೆ. ವಾರಕ್ಕೊಮ್ಮೆ ತೀಡ್ಬೇಕು."

"ಅದಕ್ಕಿಂತ ಗಟ್ಟಿದು ಕೊಡು."

ಅವಳು ನಾಲ್ಕನೆಯದನ್ನು ಮುಂದಕ್ಕೆ ಸರಿಸಿದಳು. ಕಪ್ಪು ಹಿಡಿ, ಬೂದಿ ಬಣ್ಣದ ಅಲಗು. "ಇದು ಪುಡಿ ಉಕ್ಕು. ಕರಗಿಸಿ, ಪುಡಿ ಮಾಡಿ, ಮತ್ತೆ ಅಮುಕಿ ಮಾಡಿದ್ದು. ಇಡೀ ಸೀಸನ್ ಹಗ್ಗ ಕೊಯ್ದರೂ ಬಾಯಿ ಹೋಗಲ್ಲ. ಹೋಯ್ತೋ, ವಜ್ರದ ಕಲ್ಲೇ ಬೇಕು. ಒಂದು ಗಂಟೆ ಕೂತು ತೀಡ್ಬೇಕು. ಒಂದು ಕೈಯಲ್ಲಿ ಕಲ್ಲು, ಒಂದು ಕೈಯಲ್ಲಿ..."

ಇಬ್ಬರೂ ಹಸಿರು ಬಟ್ಟೆಯನ್ನು ನೋಡಿದರು.

ಆ ಬಂದರಿನಲ್ಲಿ ಚಾಕು ಮಾರುವವಳು ಮೇವಿಸ್ ಆದರೆ, ತೀಡುವವನು ಐವರ್. ಭಾನುವಾರ ಬೆಳಿಗ್ಗೆ ಅವನ ಮನೆಯ ಮೆಟ್ಟಿಲ ಮೇಲೆ ಕಾಫಿಪುಡಿಯ ಡಬ್ಬ ಇಟ್ಟಿರುತ್ತಿತ್ತು. ಹೋಗುವವರು ಬರುವವರು ಅದರಲ್ಲಿ ಚಾಕು ಹಾಕಿ ಹೋಗುತ್ತಿದ್ದರು. ಸಂಜೆಯೊಳಗೆ ಅಷ್ಟೂ ಚಾಕುಗಳು ಮುಂಗೈ ಕೂದಲು ಬೋಳಿಸುವಷ್ಟು ಹರಿತವಾಗಿರುತ್ತಿದ್ದವು. ಮುಂಗೈ ನೋಡಿಯೇ ಜನ ಅವನನ್ನು ಗುರುತಿಸುತ್ತಿದ್ದರು, ಎಡ ಮುಂಗೈಯಲ್ಲಿ ಒಂದೆಳೆ ಕೂದಲಿರಲಿಲ್ಲ. ಜನವರಿಯಿಂದ ಡಬ್ಬ ಖಾಲಿ. ಯಾರಾದರೂ ಮರೆತಾದರೂ ಒಂದು ಹಾಕಿಹೋಗಲಿ ಎಂದು ಅವನು ಅದನ್ನು ಮೆಟ್ಟಿಲಿಂದ ತೆಗೆದಿರಲಿಲ್ಲ.

"ಗಟ್ಟಿದೇ ಇರಲಿ," ಎಂದ. "ಡೆಲ್‌ದಕ್ಕಿಂತ ಒಂದು ಕೂದಲು ಹೆಚ್ಚು ಇದ್ರೆ ಸಾಕು."

ಮೇವಿಸ್ ಅವನನ್ನು ಕನ್ನಡಕದ ಮೇಲಿಂದ ನೋಡಿದಳು. ಆಮೇಲೆ ಬಗ್ಗಿ ಕಟ್ಟೆಯ ಕೆಳಗಿನ ಡ್ರಾಯರ್ ಎಳೆದು, ಒಂದು ಚಾಕು ತೆಗೆದು ಹಸಿರು ಬಟ್ಟೆಯ ಮೇಲಿಟ್ಟಳು. "ಹೋಲಿಸಿ ನೋಡು ಹಾಗಾದ್ರೆ. ಇದು ಅವನದೇ."

"ಇದು ಅವನ ಎದೆ ಮೇಲಿತ್ತಲ್ಲ?"

"ಬರೀ ಒರೆ ಕಣೋ ಅದು. ಜನವರಿಯಲ್ಲೇ ಅಲಗು ಬಿಗಿಹಿಡಿಯೋ ಸ್ಪ್ರಿಂಗ್ ಮುರಿದಿದೆ ಅಂತ ತಂದುಕೊಟ್ಟ. ಫೆಬ್ರವರಿಯಲ್ಲೇ ಹೊಸದು ಹಾಕಿಟ್ಟೆ. ಬಂದು ತಗೊಂಡು ಹೋಗು ಅಂದ್ರೆ ಬರಲ್ಲ. ಅಲಗಿನ ಬಾಯಿ ಮುಕ್ಕಾಗಿದೆ, ತೀಡಿಕೊಡ್ಲಾ ಅಂದೆ. ಬೇಡ, ಅದನ್ನ ಐವರ್ ತೀಡ್ಬೇಕು ಅಂದ. ಹಾಗಾದ್ರೆ ಅವನ ಡಬ್ಬಕ್ಕೆ ಹಾಕು ಅಂದೆ. ಯಾವ ಮುಖ ಇಟ್ಕೊಂಡು ಹಾಕ್ಲಿ ಅಂದ. ನಿಮ್ಮ ಗಂಡಸರ ಸಹವಾಸ ಸಾಕಪ್ಪ ನನಗೆ."

ಐವರ್ ಚಾಕುವನ್ನು ಕೈಗೆತ್ತಿಕೊಂಡ. ಕಿತ್ತಳೆ ಬಣ್ಣದ ಹಿಡಿ. ಹಿಡಿಯ ತುದಿ ಜಜ್ಜಿಹೋಗಿತ್ತು. ಒಂದಲ್ಲ, ಮೂರು ಏಟಿನ ಗುಳಿ. ಹೆಬ್ಬೆರಳಾಡಿಸಿದ. ಗುಳಿಯ ಒಳಗೆ ಕೆಂಪು ಬಣ್ಣ ಕಚ್ಚಿಕೊಂಡಿತ್ತು, ರಕ್ತದ ಕೆಂಪಲ್ಲ, ಎನಾಮಲ್ಲಿನ ಕೆಂಪು. ಇಡೀ ದೋಣಿಯಲ್ಲಿ ಆ ಕೆಂಪು ಬಳಿದಿದ್ದು ಒಂದೇ ವಸ್ತುವಿಗೆ: ಚಕ್ರ ನಿಲ್ಲಿಸುವ ಲಿವರ್‌ಗೆ. ಬಳಿದವನು ಐವರ್.

ಅವನ ಕಿವಿಯಲ್ಲಿ ಸದ್ದು ಎದ್ದಿತು. ಠಣ್, ಠಣ್, ಠಣ್. ಮೂರು ತಿಂಗಳಿಂದ ಅದನ್ನು ತನ್ನ ಮೂಳೆ ಮುರಿದ ಸದ್ದೆಂದು ತಿಳಿದಿದ್ದ. ಹಗ್ಗದ ಸುರುಳಿ ಕೈಗವಸಿಗೆ ಬಿದ್ದದ್ದು ನೆನಪಿತ್ತು, "ಡೆಲ್!" ಎಂದು ಕೂಗಿದ್ದು ನೆನಪಿತ್ತು. ಆಮೇಲಿನದು ನೆನಪಿರಲಿಲ್ಲವಾದ್ದರಿಂದ ಅಲ್ಲಿ ತನಗೆ ಬೇಕಾದ್ದನ್ನು ತುಂಬಿಕೊಂಡಿದ್ದ. ಡೆಲ್ ಒಂದು ಉಸಿರಿನಷ್ಟು ತಡಮಾಡಿದ. ಮೇಸ್ತ್ರಿಯ ಜಾಗ ಕಣ್ಣಮುಂದೆ ಬಂದು ತಡಮಾಡಿದ. ಹಾಸಿಗೆಯಲ್ಲಿ ದಿನಾ ಆ ಉಸಿರನ್ನು ಎಳೆದೆಳೆದು ಉದ್ದ ಮಾಡುತ್ತಿದ್ದ. ಹಾಗೆ ಅಂದುಕೊಂಡಾಗಲೇ ಅವನಿಗೆ ನಿದ್ದೆ ಬರುತ್ತಿದ್ದುದು.

ಬಾಗಿಲ ಗಂಟೆ ಕಿಣಿಗುಟ್ಟಿತು. ಗಾರ್ತ್ ಹೋಲ್ಕಮ್ ಒಳಗೆ ಬಂದ, ಜೊತೆಗೆ ಒಂದಿಷ್ಟು ಗಾಳಿ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ತೆಳ್ಳನೆಯ ಫೈಲು. ಅವನು ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ.

"ಏನಯ್ಯಾ ಐವರ್, ಮದುಮಗನ ಥರ ನಿಂತಿದೀಯ! ಆಯ್ತಾ ಹೆಣ್ಣು ನೋಡಿದ್ದು?" ಕಪ್ಪು ಹಿಡಿಯ ಚಾಕುವನ್ನು ತಾನೇ ಎತ್ತಿಕೊಂಡು ಗುಂಡಿ ಒತ್ತಿದ. ಟಕ್. "ಅಬ್ಬಾ! ಇದು ಚಾಕು ಅಂದ್ರೆ. ಇದೇ ಇರ್ಲಿ ಮೇವಿಸ್." ಫೈಲಿನಿಂದ ಒಂದು ಹಾಳೆ ತೆಗೆದು ಗಾಜಿನ ಮೇಲಿಟ್ಟ, ಹಾರಿಹೋಗದಂತೆ, ತೆರೆದ ಚಾಕುವನ್ನು ಹಾಗೆಯೇ ಅದರ ಮೇಲಿಟ್ಟ. "ಓದು ಬೇಕಾದ್ರೆ. ದೊಡ್ಡದೇನಿಲ್ಲ."

ದೊಡ್ಡದಿರಲಿಲ್ಲ, ನಾಲ್ಕು ಸಾಲು. ಡೆಲ್ ಪ್ರೂಯಿಟ್ ಲಿವರ್ ಎಳೆಯಲು ತಡಮಾಡಿದ. ಯಂತ್ರ ಸರಿಯಾಗಿತ್ತು. ಇದನ್ನು ಕಣ್ಣಾರೆ ಕಂಡವನು ನಾನು. ಕೆಳಗೆ ಐವರನ ಹೆಸರು, ಹೆಸರಿನ ಮುಂದೆ ಖಾಲಿ ಗೆರೆ.

"ತಪ್ಪು ಯಾರದು ಅಂತ ವಿಮೆಯವರಿಗೆ ಒಂದು ಹೆಸರು ಬೇಕಂತೆ," ಅಂದ ಗಾರ್ತ್. "ಡೆಲ್‌ನ ನಾಳೆಯೇ ಇಳಿಸ್ತೀನಿ. ಸೋಮವಾರದಿಂದ ನೀನು ದೋಣಿ ಮೇಲೆ. ಚುಕ್ಕಾಣಿ ಹಿಡಿಯೋಕೆ ಒಂದು ಕೈ ಸಾಕಲ್ಲ? ಹುಡುಗರಿಗೆ ಮೇಸ್ತ್ರಿ ಮತ್ತೆ ನೀನೇ. ಅವನು ನಿನ್ನ ಜಾಗದಲ್ಲಿ ನಿಂತು ಮೆರೀತಿರೋದು ನನಗೇನು ಇಷ್ಟವಾ? ನಿನ್ನ ಹೊಟ್ಟೆ ಒಳಗೆ ಏನಾಗ್ತಿದೆ ಅಂತ ನನಗೆ ಗೊತ್ತಿಲ್ವಾ?"

ಗೊತ್ತಿತ್ತು ಅವನಿಗೆ. ಅದನ್ನೇ ಅಳತೆ ಮಾಡಿಕೊಂಡು ಬಂದಿದ್ದ, ಬೋನಿಗೆ ಎರೆ ಅಳೆಯುವವನ ಹಾಗೆ.

ಐವರನ ಕಣ್ಣು ಕಿಟಕಿಗೆ ಹೋಯಿತು. ಡೆಲ್ ಪೇರಿಸುವುದನ್ನು ಮುಗಿಸಿ, ಎರಡೂ ಅಂಗೈಯನ್ನು ತೊಡೆಗೆ ಒರೆಸಿಕೊಳ್ಳುತ್ತಿದ್ದ. ಎರಡೂ ಅಂಗೈ. ಅವನಿಲ್ಲದ ಡೆಕ್ಕು ಐವರನ ಕಣ್ಣಮುಂದೆ ಬಂತು: ಒದ್ದೆ ಹಲಗೆ, ಮೇಲೆ ಚುಕ್ಕಾಣಿ ಹಿಡಿದ ತಾನು. ಎಷ್ಟು ಚೆನ್ನಾಗಿತ್ತು. ಬಾಯಲ್ಲಿ ನೀರೂರುವಷ್ಟು ಚೆನ್ನಾಗಿತ್ತು. ಗಾರ್ತ್ ಪೆನ್ನಿನ ಮುಚ್ಚಳ ತೆಗೆದು ಅವನತ್ತ ಚಾಚಿದ. ಪೆನ್ನು ಹಿಡಿಯಬೇಕೆಂದರೆ ಇದ್ದ ಒಂದು ಕೈಯಲ್ಲಿದ್ದ ಡೆಲ್‌ನ ಚಾಕುವನ್ನು ಕೆಳಗಿಡಬೇಕಿತ್ತು.

ಅವನು ಇಡಲಿಲ್ಲ.

"ಲಿವರ್ ಹಿಡ್ಕೊಳ್ತಿದೆ ಅಂತ ಅಕ್ಟೋಬರಿನಲ್ಲೇ ಹೇಳಿದ್ದೆ, ಕ್ಯಾಪ್ಟನ್. ಸೀಸನ್ ಮುಗೀಲಿ ಅಂದ್ರಿ."

"ಈಗ ಲಿವರ್ ಮಾತು ಯಾಕೆ?"

"ಇದ್ರಲ್ಲಿ ಅದರ ಬಣ್ಣ ಇದೆ." ಐವರ್ ಕಿತ್ತಳೆ ಹಿಡಿಯನ್ನು ಬೆಳಕಿಗೆ ತಿರುಗಿಸಿದ. "ಲಿವರ್ ಬಿಡ್ಲಿ ಅಂತ ಇದ್ರಲ್ಲೇ ಮೂರು ಸಲ ಜಜ್ಜಿದಾನೆ. ಆಮೇಲೆ ಹಗ್ಗ ಕೊಯ್ದಿದಾನೆ."

ಗಾರ್ತ್ ಚಾಕುವನ್ನು ನೋಡಿದ, ಮೇವಿಸಳನ್ನು ನೋಡಿದ. ಮೇವಿಸ್ ಕನ್ನಡಕ ತೆಗೆದು ಏಪ್ರನ್ನಿನ ಅಂಚಿನಲ್ಲಿ ಒರೆಸತೊಡಗಿದ್ದಳು, ಎಲ್ಲೂ ಹೋಗಬೇಕಾಗಿಲ್ಲದವಳ ಹಾಗೆ. ಅವನ ದನಿ ಇಳಿಯಿತು. "ಆಯ್ತಪ್ಪ. ಅವಸರ ಇಲ್ಲ. ಕಾಗದ ಮನೆಗೆ ತಗೊಂಡು ಹೋಗು, ಲೋರೀನ್ ಹತ್ರ ಮಾತಾಡು. ಈಗ ಆ ಕಪ್ಪು ಚಾಕು ಮಡಚಿ ಜೇಬಿಗೆ ಇಟ್ಕೋ. ಅದು ನಿನ್ನದು."

ಕಪ್ಪು ಹಿಡಿಯ ಚಾಕು ಕಾಗದದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳ್ಳೆಯ ಉಕ್ಕು. ಇಡೀ ಸೀಸನ್ ಬಾಯಿ ಹೋಗದ ಉಕ್ಕು. ಅಂಥದ್ದು ಇನ್ನು ತನ್ನ ಕೈಗೆ ಬರುವುದಿಲ್ಲವೆಂದು ಐವರನಿಗೆ ಗೊತ್ತಿತ್ತು. ಅದು ಇನ್ನು ಯಾರ ಸೊಂಟಕ್ಕೆ ಹೋಗುತ್ತದೋ ಎಂದು ಆಗಲೇ ಲೆಕ್ಕ ಹಾಕುತ್ತಿದ್ದ.

"ತೆರೆದವರು ನೀವು," ಅಂದ.

"ಏನು?"

"ತೆರೆದವರೇ ಮಡಚಬೇಕು. ನಾನು ಮುಟ್ಟಲ್ಲ."

"ಈ ಮುದುಕರ ಕಂತೆಯೆಲ್ಲ ನನ್ನ ಹತ್ರ ಬಿಚ್ಚಬೇಡ." ಗಾರ್ತ್‌ನ ಕತ್ತು ಕೆಂಪಾಯಿತು. ಐವರ್ ಇಪ್ಪತ್ತು ವರ್ಷ ಡೆಕ್ಕಿನ ಮೇಲೆ ಕೇಳಿದ್ದ ದನಿಯಲ್ಲಿ ಹೇಳಿದ, "ಐವರ್. ಮಡಚು ಅಂದೆ."

"ಮಡಚಲ್ಲ."

ಅರ್ಧ ತೆರೆದ ಬಾಗಿಲಿಂದ ಕಡಲ ಗಾಳಿ ಬಂತು. ಕಾಗದದ ಅಂಚು ಮೇಲೆದ್ದು ಹೊಸ ಅಲಗಿಗೆ ತಾಗಿತು, ಬಿತ್ತು, ಮತ್ತೆ ಎದ್ದು ತಾಗಿತು. ತಾಗಿದಾಗಲೆಲ್ಲ ಸದ್ದಿಲ್ಲದೆ ಒಂದು ಎಳೆಯಷ್ಟು ಸೀಳುತ್ತಿತ್ತು.