ಎಂಟನೆಯ ಫ್ಲಾಪಿ

ಚಂದ್ರಮತಿಯ ಬಲಗೈಯಲ್ಲಿ ಎರಡು ಬೆರಳು ಇನ್ನೂ ಅವಳ ಮಾತು ಕೇಳುತ್ತಿದ್ದವು. ಆ ಎರಡು ಬೆರಳಿಗಾಗಿಯೇ ಆ ಮನೆಯಲ್ಲಿ ಕಂಪ್ಯೂಟರ್ ಇತ್ತು.

ಚಿಕ್ಕೋಡಿಯಲ್ಲಿ ಟೈಪಿಂಗ್ ಕ್ಲಾಸಿನವರೊಬ್ಬರು ಕಂಪ್ಯೂಟರ್ ಕ್ಲಾಸನ್ನೂ ತೆರೆದು ವರ್ಷದೊಳಗೇ ಮುಚ್ಚಿದಾಗ, ಅವಳ ತಂದೆ ಪಾರಿಸ ಅಲ್ಲಿಯ ಒಂದನ್ನು ಟ್ರ್ಯಾಕ್ಟರಿನಲ್ಲಿ ಕಬ್ಬಿನ ಒಣಗರಿಯ ರವದಿ ಹಾಸಿ, ಮೇಲೆ ಕೌದಿ ಹೊದಿಸಿ, ತೋಟದ ಮನೆಗೆ ತಂದಿದ್ದ. ಅದರಲ್ಲಿದ್ದದ್ದು ಒಂದೇ ಆಟ. ಮೇಲಿಂದ ಕಲ್ಲು ಬೀಳುತ್ತವೆ, ಕೆಳಗೊಂದು ದೋಣಿ. ಒಂದು ಕೀ ಒತ್ತಿದರೆ ದೋಣಿ ಎಡಕ್ಕೆ, ಇನ್ನೊಂದು ಒತ್ತಿದರೆ ಬಲಕ್ಕೆ. ಕಲ್ಲು ತಾಗಿ ಮುಳುಗದಂತೆ ತಪ್ಪಿಸಿಕೊಳ್ಳಬೇಕು, ಅಷ್ಟೇ. ಅಜ್ಜಿ ಗಂಗೂಬಾಯಿಗೂ ಆಟ ಒಪ್ಪಿಗೆಯಾಗಿತ್ತು. "ಯಾರನ್ನೂ ಕೊಲ್ಲೂದಿಲ್ಲ, ಯಾರದೂ ಕಸಗೊಳ್ಳೂದಿಲ್ಲ. ನಮ್ಮ ಮಂದಿ ಆಡೂವಂಥಾದ್ದ ಐತಿ," ಎಂದು ಬಸದಿಯಲ್ಲಿ ಸಿಕ್ಕ ಹೆಂಗಸರಿಗೆಲ್ಲ ಹೇಳಿಬಂದಿದ್ದಳು.

ಚಂದ್ರಮತಿಗೆ ಹದಿಮೂರು. ಎಂಟರಲ್ಲಿ ಕಾಲು ಸೋತವು, ಹನ್ನೊಂದರಲ್ಲಿ ಎಡಗೈ. ಸ್ನಾಯುಗಳ ರೋಗ, ಔಷಧವಿಲ್ಲ ಎಂದು ಮಿರಜಿನ ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಇವರು ಹೊರಡಲು ಎದ್ದಾಗ ಮಾತ್ರ ತಾಯಿ ಲಕ್ಷ್ಮಿಬಾಯಿಯನ್ನು ನೋಡಿ, "ಬೆರಳು ಆಡಸ್ತಾ ಇರ್ಲಿ ತಾಯೀ. ದಿನಾ ಆಡಸಿದ್ರ ಇನ್ನೊಂದಿಷ್ಟ ದಿನಾ ಉಳೀತಾವ. ಬಿಟ್ರ ಹೋದೂವು," ಎಂದಿದ್ದರು.

ಲಕ್ಷ್ಮಿಬಾಯಿ ಆ ಮಾತನ್ನು ವ್ರತದಂತೆ ಹಿಡಿದಿದ್ದಳು. ಬೆಳಗಿನ ಕೆಲಸ ಮುಗಿಯುತ್ತಲೇ ಮಗಳನ್ನು ಎತ್ತಿ ಕುರ್ಚಿಗೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಸೀರೆಯ ಪಟ್ಟಿಯಿಂದ ಸೊಂಟ ಕಟ್ಟಿ, ಎರಡು ಬೆರಳನ್ನು ಎರಡು ಕೀಗಳ ಮೇಲೆ ಇಟ್ಟುಬರುತ್ತಿದ್ದಳು. ಆಮೇಲೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಆ ಕೋಣೆಯ ಟಕ್ ಟಕ್ ಸದ್ದಿಗೆ ಕಿವಿಗೊಡುವಳು. ಸದ್ದು ನಿಂತರೆ ರೊಟ್ಟಿಯೂ ನಿಲ್ಲುತ್ತಿತ್ತು. "ಯಾಕ ಬೇ ಚಂದ್ರೀ?" "ಏನಿಲ್ಲವ್ವಾ, ಮುಳಗಿದೆ. ಮತ್ತ ಚಾಲೂ ಮಾಡಾಕತ್ತೀನಿ."

ಆ ವರ್ಷ, ತೊಂಬತ್ತೇಳರ ದಸರೆ ಕಳೆದ ಮೇಲೆ, ಸದ್ದಿನ ನಡುವಿನ ಬಿಡುವು ದೊಡ್ಡದಾಗತೊಡಗಿತು. ದೋಣಿ ಮುಳುಗುವುದು ಹೆಚ್ಚಾಗಿತ್ತು.

ಆಗ ಬಂದವನು ಆಬಾಸಾಹೇಬ. ನಿಪ್ಪಾಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ, ಪಾರಿಸನ ಜೊತೆ ಶಾಲೆ ಕಲಿತವನು. ಚಹಾ ಕುಡಿಯುತ್ತ ಚಂದ್ರಮತಿಯ ಆಟ ನೋಡಿ ಲಕ್ಷ್ಮಿಬಾಯಿಗೆ, "ವೈನೀ, ಇದು ಹಳೇ ಪದ್ಧತಿ ಆತ್ರಿ. ಈಗ ಹೊಸಾ ವಿಂಡೋಸ್ ಬಂದೈತಿ. ಹದಿಮೂರ ಫ್ಲಾಪಿ ಹಾಕಿದ್ರ ಮುಗೀತು. ಕೀ ಒತ್ತೂ ತ್ರಾಸನ ಇಲ್ಲ. ಮೌಸ್ ಅಂತ ಬರ್ತೈತಿ, ಸಾಬಣಿನ ಗಾತ್ರದ್ದು. ಅದರ ಮ್ಯಾಲೆ ಸುಮ್ನ ಕೈ ಇಟ್ರ ಸಾಕು," ಎಂದ.

ಲಕ್ಷ್ಮಿಬಾಯಿಯ ಕೈಯಲ್ಲಿದ್ದ ಚಹಾದ ಬಶಿ ಅಲ್ಲೇ ನಿಂತಿತು. ಕೀ ಒತ್ತುವುದೇ ಬೇಡ, ಕೈ ಇಟ್ಟರೆ ಸಾಕು.

"ನನಗ ಇದ ಸಾಕವ್ವಾ," ಎಂದಳು ಚಂದ್ರಮತಿ, ಪರದೆಯಿಂದ ಕಣ್ಣು ತೆಗೆಯದೆ.

"ಇದೂ ಇರ್ತೈತಿ ನಮ್ಮವ್ವಾ. ಹಳೇದು ಎಲ್ಲೂ ಹೋಗೂದಿಲ್ಲ. ಹೌದಲ್ರಿ ಆಬಾಸಾಹೇಬ?"

"ಎಲ್ಲಿಗಿ ಹೋಗ್ತೈತ್ರಿ? ಅದರ ಮ್ಯಾಲೇ ಹೊಸಾದು ಕುಂಡ್ರತೈತಿ. ಆದ್ರ ಒಂದ ಮಾತು. ಹಾಕೂಮುಂದ ಕರೆಂಟ್ ಹೋಗಬಾರದು, ವೋಲ್ಟೇಜೂ ಬೀಳಬಾರದು. ಒಂದ ತಾಸು."

ಆ ಒಂದು ತಾಸು ಹೊಂದಿಸುವುದೇ ಕಷ್ಟ. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತಿತ್ತು. ಅದು ಹೋದ ಮೇಲೆ ಮನೆಯ ದೀಪಕ್ಕೆಂದು ಉಳಿದ ಕರೆಂಟಿನಲ್ಲೇ, ಮೋಟರಿಗೆ ಕಂಡೆನ್ಸರ್ ಸಿಕ್ಕಿಸಿ ನೀರೆತ್ತುವುದು ಆ ಕಡೆಯ ಎಲ್ಲರ ರೂಢಿ. ಒಬ್ಬನ ಮೋಟರು ಹಾಗೆ ಹೊರಟರೆ ಸಾಲುಮನೆಗಳ ಬಲ್ಬೆಲ್ಲ ಕೆಂಡದ ಬಣ್ಣಕ್ಕೆ ತಿರುಗಿ ಮಿಣುಕುತ್ತಿದ್ದವು.

ಪಾರಿಸ ಬಾವಿಯಿಂದ ಬಾವಿಗೆ ತಿರುಗಿ ಕೈ ಮುಗಿದು ಬಂದ. ಆದಿತ್ಯವಾರ ಎರಡರಿಂದ ಮೂರೂವರೆ ಯಾರೂ ಕಂಡೆನ್ಸರ್ ಮೇಲೆ ಮೋಟರು ಹಚ್ಚಬಾರದು. ಯಾರೂ ಇಲ್ಲವೆನ್ನಲಿಲ್ಲ. ಚಂದ್ರಮತಿಯನ್ನು ಎಲ್ಲರೂ ಬಲ್ಲರು. ಎರಡು ಹೊಲ ಆಚೆಯ ಮುರಗೆಪ್ಪ ಮಾತ್ರ, "ಹುಡಿಗೀ ಸಲುವಾಗಿ ಒಂದ ದಿನಾ ಏನ, ನಾಕ ದಿನಾ ಬಂದ್ ಮಾಡ್ತೀನೋ ಪಾರಿಸ. ಖರೇ ನನ್ನ ಮಗ ಸುದ್ದ ಇಲ್ಲ. ಅವಂಗ ನೀ ಹೇಳಿದ್ದ ಗೊತ್ತಾದ್ರ ಬೇಕಂತ ಹಚ್ಚತಾನ," ಎಂದು ನಕ್ಕ.

"ಹಂಗಾರ ನಿನ್ನ ಬಾವೀ ಮ್ಯಾಲೆ ನಾನ ಬಂದ ಕುಂಡ್ರತೀನಿ," ಎಂದ ಪಾರಿಸ.

ಆದಿತ್ಯವಾರ ಹಾಗೇ ಹೋಗಿ ಕೂತ.

ಇತ್ತ ಆಬಾಸಾಹೇಬ ಒಂದೊಂದೇ ಫ್ಲಾಪಿ ತೂರಿಸುತ್ತಿದ್ದ. ಪ್ರತಿಯೊಂದಕ್ಕೂ ಯಂತ್ರ ಗೊರ್ ಗೊರ್ ಎಂದು ಅಗಿದು, ನೀಲಿ ಪಟ್ಟಿಯೊಂದು ಸ್ವಲ್ಪ ಸ್ವಲ್ಪ ಮುಂದೆ ಸರಿಯುತ್ತಿತ್ತು. ಲಕ್ಷ್ಮಿಬಾಯಿ ಮಗಳನ್ನು ಮಡಿಲಿಗೆ ಒರಗಿಸಿಕೊಂಡು ಎಣಿಸುತ್ತಿದ್ದಳು. ಐದು, ಆರು. ಗಂಗೂಬಾಯಿ ಬಾಗಿಲಲ್ಲಿ ಕೂತು, "ಇಷ್ಟ ತಿನ್ನಸಾಕತ್ತೀಯಲ್ಲೋ ತಮ್ಮಾ, ಹೊಟ್ಟಿ ಗಿಟ್ಟಿ ಕೆಟ್ಟೀತು," ಎಂದಾಗ ಚಂದ್ರಮತಿ ಜೋರಾಗಿ ನಕ್ಕಳು. ಅವಳು ಹಾಗೆ ನಗದೆ ಬಹಳ ದಿನವಾಗಿತ್ತು.

ಎಂಟನೆಯ ಫ್ಲಾಪಿ ಒಳಗಿದ್ದಾಗ ಕರೆಂಟು ಕಣ್ಣು ಮಿಟುಕಿಸಿದಂತೆ ಹೋಗಿ ಬಂತು. ಬಂದದ್ದು ನಿಲ್ಲಲಿಲ್ಲ. ಬಲ್ಬು ಕೆಂಪಗಾಯಿತು. ಯಂತ್ರ ಆರಿತು, ಹೊತ್ತಿತು, ಮತ್ತೆ ಆರಿತು. ಒಳಗೆ ಹಲ್ಲು ಕಡಿದಂಥ ಸದ್ದು.

"ಯಾರದು ಮೋಟರ? ಯಾರ ಹಚ್ಚಿದ್ರು?" ಆಬಾಸಾಹೇಬ ವೈರು ಕಿತ್ತು ಅಂಗಳಕ್ಕೆ ಓಡಿದ. ಲಕ್ಷ್ಮಿಬಾಯಿಗೆ ಓಡುವ ಅಗತ್ಯವಿರಲಿಲ್ಲ. ಕೂತಲ್ಲೇ ಕೇಳುತ್ತಿತ್ತು. ಮನೆಯ ಹಿಂದಿನ ಕಾಲುವೆಗೆ ನೀರು ಬೀಳುತ್ತಿತ್ತು. ತಮ್ಮದೇ ಕಾಲುವೆ.

ಪಾರಿಸ ತನ್ನ ಬಾವಿಯ ಮೋಟರನ್ನು ಎಂದಿನಂತೆ ಕಂಡೆನ್ಸರ್ ಸಿಕ್ಕಿಸಿ ಆಟೋ ಸ್ವಿಚ್ಚಿನ ಮೇಲೆ ಬಿಟ್ಟಿದ್ದ. ನಿಂತ ಮೋಟರೂ ಕರೆಂಟು ಹೋಗಿ ಬಂದರೆ ತಾನಾಗಿ ಹೊರಡುವುದು. ನಡೆದು ಹೋಗಿ ಹಚ್ಚುವ ಕೆಲಸವಿಲ್ಲ. ಊರವರ ಮೋಟರು ಕಾಯಲು ಹೋದವನಿಗೆ ತನ್ನದು ನೆನಪೇ ಆಗಿರಲಿಲ್ಲ.

ಅವನು ಹೊಲದ ವಡ್ಡು ಹಾರಿ ಓಡಿಬಂದಾಗ ಆಬಾಸಾಹೇಬ ಮೂರನೇ ಸಲ ಯಂತ್ರ ಹಚ್ಚಿ ನೋಡುತ್ತಿದ್ದ. ಕಪ್ಪು ಪರದೆಯ ಮೇಲೆ ಒಂದೇ ಸಾಲು ಅಕ್ಷರ.

"ಒಳಗಿನ ಡಿಸ್ಕ್ ಹೋಗೇತೋ ಪಾರಿಸ."

"ಹೋಗೇತಿ ಅಂದ್ರ? ಆಟ?"

"ಎಲ್ಲಾನೂ."

ಪಾರಿಸ ಮಗಳ ಕಡೆ ನೋಡಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುವುತ್ತ ನಿಂತ. "ಇರ್ಲಿ ಬಿಡಪ್ಪಾ," ಎಂದಳು ಚಂದ್ರಮತಿಯೇ. "ನಮ್ಮ ಕಬ್ಬಿಗಾದ್ರೂ ನೀರ ಬಂತಲ್ಲ."

ಹೊಸ ಡಿಸ್ಕ್ ಪುಣೆಯಿಂದ ಬರಬೇಕಿತ್ತು. ಆಬಾಸಾಹೇಬ ಯಂತ್ರವನ್ನು ನಿಪ್ಪಾಣಿಗೆ ಒಯ್ದ. ಎಂಟು ದಿನ ಎಂದದ್ದು ಹದಿನೈದಾಯಿತು, ತಿಂಗಳು ದಾಟಿತು. ಕೋಣೆಯಿಂದ ಟಕ್ ಟಕ್ ಸದ್ದಿಲ್ಲದೆ ಲಕ್ಷ್ಮಿಬಾಯಿಗೆ ರೊಟ್ಟಿಯ ಹದವೇ ಸಿಗದಂತಾಯಿತು. ದಿನವೂ ಮಗಳ ಬೆರಳುಗಳನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು, "ಒತ್ತವ್ವಾ, ಇದ ಎಡಕ. ಇದ ಬಲಕ," ಎನ್ನುವಳು. ಎರಡು ಸಲ ಒತ್ತಿ ಚಂದ್ರಮತಿ, "ಕಲ್ಲ ಎಲ್ಲಿ ಅದಾವವ್ವಾ?" ಎಂದು ಕೇಳುವಳು. ಕಲ್ಲು ಬೀಳದೆ ದೋಣಿ ಸರಿಸುವುದಕ್ಕೆ ಮನಸ್ಸಾದರೂ ಹೇಗೆ ಬರಬೇಕು? ನಡುವೆ ಎಂಟು ದಿನ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಅಂಗೈ ಮೇಲಿನ ಒತ್ತು ಎಷ್ಟು ಹಗುರಾಗಿತ್ತೆಂದರೆ, ಮಗಳು ಒತ್ತಿದಳೋ ಇಲ್ಲವೋ ಎಂದು ತಾಯಿ ಅವಳ ಮುಖ ನೋಡಿ ತಿಳಿಯಬೇಕಿತ್ತು.

ಸಂಕ್ರಾಂತಿಯ ಮುನ್ನಾದಿನ ಯಂತ್ರ ಬಂತು. ಹಚ್ಚಿದೊಡನೆ ಸಣ್ಣದೊಂದು ರಾಗ ನುಡಿದು ತಿಳಿನೀಲಿ ಪರದೆ ತೆರೆಯಿತು. ಆಬಾಸಾಹೇಬ ದೋಣಿ ಆಟಕ್ಕಾಗಿ ನಿಪ್ಪಾಣಿ, ಕೊಲ್ಲಾಪುರ ಎಲ್ಲ ಕೇಳಿದ್ದ. ಯಾರ ಹತ್ತಿರವೂ ಇರಲಿಲ್ಲ. ಈ ಹೊಸದರ ಜೊತೆಗೇ ಬಂದ ಆಟ ಎರಡೇ ಬಗೆಯವು. ಒಂದು ಇಸ್ಪೀಟು, ಇನ್ನೊಂದು ಹುಗಿದಿಟ್ಟ ಬಾಂಬು ಹುಡುಕುವುದು.

"ಒಂದು ಜೂಜು, ಒಂದು ಹಿಂಸಾ," ಎಂದಳು ಗಂಗೂಬಾಯಿ. ಎರಡನ್ನೂ ಆ ಮನೆಯಲ್ಲಿ ಏಳು ತಲೆಮಾರಿನಿಂದ ಯಾರೂ ಮುಟ್ಟಿರಲಿಲ್ಲ. ಆದರೂ ಅವಳು ತಾನೇ ಎದ್ದು ಹೋಗಿ ಮೊಮ್ಮಗಳ ಬೆನ್ನಿಗೆ ದಿಂಬು ಸರಿಮಾಡಿದಳು. "ಆಡವ್ವಾ. ಪಾಪ ಬಂದ್ರ ನನಗ ಬರ್ಲಿ."

ಲಕ್ಷ್ಮಿಬಾಯಿ ಮೌಸಿನ ಮೇಲೆ ಮಗಳ ಕೈ ಇಟ್ಟಳು. ಆಬಾಸಾಹೇಬ ಹೇಳಿದಂತೆಯೇ ಅದು ಸಾಬಣಿನ ಗಾತ್ರದ್ದು. ಮೂವರೂ ಪರದೆ ನೋಡುತ್ತ ನಿಂತರು. ಬಾಣದ ಗುರುತು ಅಲುಗಲಿಲ್ಲ.

"ಜರಾ ಸರಸಬೇಕವ್ವಾ. ಎತ್ತೂದ ಬ್ಯಾಡ. ಸುಮ್ನ ಸರಸು," ಎಂದ ಆಬಾಸಾಹೇಬ.

ಚಂದ್ರಮತಿಯ ಹಣೆಯ ಮೇಲೆ ಬೆವರು ಮೂಡಿತು. ಭುಜದ ಹತ್ತಿರ ಏನೋ ಸಣ್ಣಗೆ ನಡುಗಿತು. ಕೈ ಇಟ್ಟಲ್ಲೇ ಇತ್ತು. ಕೈ ಇಟ್ಟರೆ ಸಾಕು ಎಂದದ್ದನ್ನು ಲಕ್ಷ್ಮಿಬಾಯಿ ಎಷ್ಟು ನಂಬಿದ್ದಳೆಂದರೆ, ಸರಿಸಲಿಕ್ಕೂ ಕಸುವು ಬೇಕು ಎಂಬುದು ಅವಳಿಗೆ ಈವರೆಗೆ ಹೊಳೆದೇ ಇರಲಿಲ್ಲ. ಬೆರಳನ್ನು ಎತ್ತಿ ಹಳೆಯ ಕೀಗಳ ಮೇಲಿಟ್ಟಳು. "ಒತ್ತವ್ವಾ." ಬೆರಳು ಕೀಯ ಮೇಲೆ ಮಲಗಿತ್ತು.

ಆಬಾಸಾಹೇಬ ಇಸ್ಪೀಟು ತೆರೆದು ಒಂದೆರಡು ಎಲೆ ಆಡಿ ತೋರಿಸಿ, ಚಹಾ ಬೇಡವೆಂದು ಹೊರಟ. ಅಂಗಳದಲ್ಲಿ ಪಾರಿಸನ ಮೋಟರ್ ಸೈಕಲ್ ಬಂದ ಸದ್ದಾಯಿತು. ಅವನು ಒಳಗೆ ಬರದೆ ಬಾಗಿಲಾಚೆಯಿಂದಲೇ ಕೇಳಿದ, "ಆಡಿದ್ಲನ?"

ಲಕ್ಷ್ಮಿಬಾಯಿ ಮಗಳ ಕೈಯ ಮೇಲೆ ತನ್ನ ಕೈ ಇಟ್ಟು ಮೌಸ್ ಸರಿಸಿದಳು. ಬಾಣ ಹೊರಟಿತು.

"ಆಡಾಕತ್ತಾಳ್ರಿ," ಎಂದಳು.

"ಕೆಂಪ ಒಂಬತ್ತು, ಕರೀ ಹತ್ತರ ಮ್ಯಾಲೆ," ಎಂದಳು ಚಂದ್ರಮತಿ ಮೆಲ್ಲಗೆ. ಆಬಾಸಾಹೇಬ ತೋರಿಸಿದಷ್ಟರಲ್ಲೇ ಆಟದ ರೀತಿ ಅವಳಿಗೆ ತಿಳಿದಿತ್ತು. "ಅದಲ್ಲವ್ವಾ, ಬಾಜೂದ್ದು. ಹಾಂ. ಬಿಡು."

ಸ್ವಲ್ಪ ಹೊತ್ತು ಎಲೆಗಳು ಒಂದರ ಮೇಲೊಂದು ಕೂತವು. ಆಮೇಲೆ ನಿಂತವು. ಲಕ್ಷ್ಮಿಬಾಯಿ ಮೂಲೆಯ ಕಟ್ಟಿನಿಂದ ಒಂದೊಂದೇ ಎಲೆ ತಿರುವಿದಳು. ಕಟ್ಟು ಮುಗಿಯಿತು. ಮತ್ತೆ ಮೊದಲಿಂದ ತಿರುವಿದಳು.

"ಯಾವುದೂ ಹೊಂದೂದಿಲ್ಲವ್ವಾ. ಆಟ ಮುಗೀತಿದು."

"ಇನ್ನೊಮ್ಮೆ ನೋಡೋಣು."

"ಮತ್ತ ಅವ ಎಲೀನ ಬರ್ತಾವವ್ವಾ."

"ಇರ್ಲಿ ಬೇ. ನೋಡೋಣು," ಎಂದು ಲಕ್ಷ್ಮಿಬಾಯಿ, ಮಗಳ ಕೈಯನ್ನು ತನ್ನ ಕೈಯೊಳಗೇ ಹಿಡಿದುಕೊಂಡು, ಮತ್ತೆ ಮೊದಲನೆಯ ಎಲೆ ತಿರುವಿದಳು.