ತಲೆಯಾಡಿಸುವ ಹುಡುಗಿಯರು

ಅಪ್ಪನ ಕ್ಷೌರದ ಅಂಗಡಿಯಲ್ಲಿ ಎದುರುಬದುರು ಎರಡು ಕನ್ನಡಿಗಳು. ಗಿರಾಕಿಗಳಿಲ್ಲದ ಮಧ್ಯಾಹ್ನ ಮಗಳು ನಡುವಿನ ಕುರ್ಚಿಯಲ್ಲಿ ಕೂತು, ಪುಸ್ತಕದಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನು ಕಥೆಯಂತೆ ಓದುತ್ತ ತಲೆಯಾಡಿಸುವಳು. ಕನ್ನಡಿಯೊಳಗಿನ ಸಾಲು ಸಾಲು ಹುಡುಗಿಯರೂ, ದೂರ ಹೋದಷ್ಟೂ ಹಸಿರಾಗುತ್ತ, ತಲೆಯಾಡಿಸುವರು. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ಅವರಲ್ಲೊಬ್ಬಳೂ ಸಹಾಯಕ್ಕೆ ಬರಲಿಲ್ಲ. ಖಾಲಿ ಹಾಳೆ ಖಾಲಿಯಾಗಿಯೇ ಉಳಿಯಿತು. ಮುಂದಿನ ಪರೀಕ್ಷೆಯೂ ಹೋದರೆ ಗಣಿತ ಬಿಡಬೇಕು. ಗಣಿತ ಬಿಟ್ಟರೆ, ಆಸೆಪಟ್ಟು ಸೇರಿದ್ದ ಪದವಿಯೇ ಕೈತಪ್ಪುತ್ತದೆ.

"ಬಿಟ್ಬಿಡಮ್ಮ, ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲ," ಅಂದ ಅಪ್ಪ, ಕತ್ತಿ ಮಸೆಯುತ್ತ.

ಮಹಡಿ ಮನೆಯ ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅದೇ ಕಾಲೇಜಿನಲ್ಲಿ ಅದೇ ಗಣಿತ ಓದಿದವಳು. "ನೀವೇನು ಕತ್ತರಿ ಹಿಡ್ಕೊಂಡೇ ಹುಟ್ಟಿದ್ರಾ ಮಾವ? ಮೊದಲ ಸಲ ಯಾರ ಕಿವಿ ಕೊಯ್ದಿದ್ರಿ?"

ಅಪ್ಪ ಕತ್ತಿ ಕೆಳಗಿಟ್ಟು, ಭಾವಮೈದುನನದು ಎಂದು ಒಪ್ಪಿಕೊಂಡ.

ಅಕ್ಕ ಪುಸ್ತಕವನ್ನು ಬೋರಲು ಹಾಕಿದಳು. "ಅರ್ಥ ಆಗೋದು ಬೇರೆ, ಮಾಡೋಕೆ ಬರೋದು ಬೇರೆ ಕಣೇ. ಮೊದಲು ನೀನೇ ಒದ್ದಾಡು. ಎಲ್ಲಿ ಸಿಕ್ಕಿಹಾಕ್ಕೊಂಡೆ ಅಂತ ಗುರುತು ಹಾಕು, ಆಮೇಲೆ ಪುಸ್ತಕ ನೋಡು. ನಾಳೆ ಅದನ್ನೇ ಮತ್ತೆ, ನೋಡ್ದೆ ಮಾಡು." ಪರೀಕ್ಷೆಯ ಮುನ್ನಾದಿನ ರಾಶಿ ಹಾಕಿಕೊಂಡು ಕೂರಬೇಡ, ದಿನಾ ಸ್ವಲ್ಪ ಮಾಡು, ಕಲಿತದ್ದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳು ಎಂದಳು. ಯಾರು ಕೇಳುತ್ತಾರೆ ಎಂದದ್ದಕ್ಕೆ ಕಣ್ಣಲ್ಲೇ ಕುರ್ಚಿ ತೋರಿಸಿದಳು. ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಎದ್ದು ಓಡುವ ಹಾಗಿಲ್ಲವಲ್ಲ.

ಹೀಗೆ ಅಂಚೆಯಣ್ಣ, ಮೋಡದಂಥ ನೊರೆಯೊಳಗೆ ಕಣ್ಣು ಮುಚ್ಚಿ, ಎಕ್ಸ್ ವರ್ಗ, ಅಂದರೆ ತಲೆಯ ಮೇಲೆ ಎರಡು ಹೊತ್ತ ಎಕ್ಸ್, ಬೆಳೆಯುವ ವೇಗ ಎರಡು ಎಕ್ಸ್ ಎಂಬುದನ್ನು ಪೂರ್ತಿ ಕೇಳಬೇಕಾಯಿತು. ನೊರೆ ಹೋದ ಮೇಲೆ ಮೆಲ್ಲಗೆ ಅಂದ:

"ಅದೆಲ್ಲ ಸರಿ ತಾಯಿ. ತಲೆ ಮೇಲೆ ಕೂತಿದ್ದ ಎರಡು ಕೆಳಗೆ ಯಾಕೆ ಇಳೀತು?"

ಅವಳಿಗೆ ಗೊತ್ತಿರಲಿಲ್ಲ. ಕನ್ನಡಿಯ ಹುಡುಗಿಯರೆಲ್ಲ ತಲೆಯಾಡಿಸುವುದನ್ನು ನಿಲ್ಲಿಸಿದರು.

ಮರುದಿನ ಅದೇ ಪ್ರಶ್ನೆ ಹಿಡಿದು, ಮೊದಲ ಬಾರಿಗೆ ಗಣಿತದ ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದಳು. ಅವರು ಬೈಯಲಿಲ್ಲ, ಕುರ್ಚಿ ಎಳೆದುಕೊಟ್ಟು ಒಂದು ಚೌಕ ಬರೆದರು. "ಇದರ ಬದಿ ಎಕ್ಸ್. ಈ ಮೂಲೆ ಹಾಗೇ ಇರ್ಲಿ, ಬದಿ ಚೂರೇ ಚೂರು ಬೆಳೀಲಿ. ಅಂಚಿಗೆ ಎಷ್ಟು ಪಟ್ಟಿ ಸೇರ್ತು?"

ಎರಡು, ಒಂದೊಂದೂ ಎಕ್ಸ್‌ನಷ್ಟು ಉದ್ದ; ಕೆಳಗಿಳಿದ ಎರಡು ಇದೇ. ಮನೆಗೆ ಬರುವ ದಾರಿಯಲ್ಲಿ ಕಿಟಕಿಗಳು, ಒಣಹಾಕಿದ ಟವೆಲುಗಳು, ಆಕಾಶದ ತುಂಡುಗಳು, ಎಲ್ಲವೂ ಎರಡೆರಡು ಪಟ್ಟಿಯಾಗಿ ಸದ್ದಿಲ್ಲದೆ ಬೆಳೆಯುತ್ತಿದ್ದವು.

ಎರಡನೇ ಪರೀಕ್ಷೆಯಲ್ಲಿ ಹಾಳೆ ತುಂಬಿತು. ಎಲ್ಲವೂ ಸರಿಯಿರಲಿಲ್ಲ, ಆದರೆ ಪಾಸಾದಳು. ಅಪ್ಪ ಈಗ ಬೇಕೆಂದೇ ನೊರೆ ದಪ್ಪಗೆ ಹಚ್ಚುತ್ತಾನೆ. "ಅಲುಗಾಡ್ಬೇಡಿ ಸ್ವಾಮಿ, ಲೆಕ್ಕ ಇನ್ನೂ ಮುಗಿದಿಲ್ಲ."

ನಿಮ್ಮ ಮನೆಯಲ್ಲೂ ಪುಸ್ತಕದ ಮುಂದೆ ಸುಮ್ಮನೆ ತಲೆಯಾಡಿಸುವವರು ಇರಬಹುದು. ಲೆಕ್ಕ ವಂಶದಲ್ಲಿಲ್ಲ ಎನ್ನಬೇಡಿ. ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಡಿ, ಎದುರಿಗೆ ಕೂತು ಕೇಳಿ. ನಿಮಗೆ ಅರ್ಥವಾಗದಿದ್ದರೂ ಸರಿಯೇ, ಒಂದು ಸಲ "ಯಾಕೆ?" ಅನ್ನಿ.